ಕ್ಲಸ್ಟರ್ ಸಾಫ್ಟ್‌ವೇರಿನಲ್ಲಿ ಮೆಮೊರಿ ಸೋರಿಕೆ: ಯಾವ ಸಾಧನ, ಯಾವಾಗ?

ಒಂಟಿ ಸರ್ವರಿನಲ್ಲಿ ಮೆಮೊರಿ ಸೋರುತ್ತಿದ್ದರೆ, ಅಂದರೆ ಪ್ರೋಗ್ರಾಂ ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಬಳಕೆ ಏರುತ್ತಲೇ ಇದ್ದರೆ, ಪ್ರೋಸೆಸ್ಸನ್ನು ಅರೆಗಳಿಗೆ ನಿಲ್ಲಿಸಿ ಒಳಗೆ ಇಣುಕಬಹುದು. ಬಳಕೆದಾರರಿಗೆ ಸ್ವಲ್ಪ ನಿಧಾನ ಅನ್ನಿಸುತ್ತದೆ, ಅಷ್ಟೇ. ಹಲವು ಸರ್ವರುಗಳು (ನೋಡುಗಳು) ಒಂದಾಗಿ ಕೆಲಸ ಮಾಡುವ ಕ್ಲಸ್ಟರಿನಲ್ಲಿ ಆ ಸಲಿಗೆ ಇಲ್ಲ. ಒಂದು ನೋಡ್ ಮಾತು ನಿಲ್ಲಿಸಿದರೆ ಉಳಿದವು ಅದು ಸತ್ತಿದೆ ಎಂದೇ ತೀರ್ಮಾನಿಸುತ್ತವೆ. ಕ್ಲಸ್ಟರಿನ ಡೇಟಾ ಇಡುವ ಎಟ್‌ಸಿಡಿಯಲ್ಲಿ ಹಾರ್ಟ್‌ಬೀಟ್ ('ಬದುಕಿದ್ದೇನೆ' ಎನ್ನುವ ಸಂದೇಶ) 100 ಮಿಲಿಸೆಕೆಂಡಿಗೊಮ್ಮೆ, ಹೊಸ ಲೀಡರಿನ ಚುನಾವಣೆಯ ಗಡುವು 1000 ಮಿಲಿಸೆಕೆಂಡು. ಇವು ನಾವು ಬದಲಿಸದಿದ್ದರೆ ತಾನಾಗಿ ಇರುವ ಅಳತೆಗಳು. ನೋಡುಗಳ ಸದಸ್ಯತ್ವ ನೋಡಿಕೊಳ್ಳುವ ಕೋರೋಸಿಂಕಿನಲ್ಲಿ 3.1ರಿಂದ ಈಚೆಗೆ ಟೋಕನ್ (ನೋಡುಗಳ ನಡುವೆ ಸುತ್ತುವ ಸಂದೇಶ) ಗಡುವು 3000 ಮಿಲಿಸೆಕೆಂಡು. ನೋಡುಗಳು ಎರಡಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಪ್ರತಿ ನೋಡಿಗೆ 650 ಮಿಲಿಸೆಕೆಂಡು ಸೇರುತ್ತದೆ, ಅಂದರೆ ಐದು ನೋಡುಗಳ ಕ್ಲಸ್ಟರಿಗೆ 4950. ಸೋರಿಕೆ ಹುಡುಕಲು ಹೋದ ಸಾಧನವೇ ಪ್ರೋಸೆಸ್ಸನ್ನು ಐದು ಸೆಕೆಂಡು ಹಿಡಿದಿಟ್ಟರೆ ಫೆನ್ಸಿಂಗ್ (ಸತ್ತಿದೆಯೆಂದು ಎಣಿಸಿದ ನೋಡನ್ನು ಬಲವಂತವಾಗಿ ಹೊರಗಿಡುವುದು) ನಡೆದು ಆರೋಗ್ಯವಾಗಿದ್ದ ನೋಡ್ ರೀಬೂಟ್ ಆಗುತ್ತದೆ. ಸೋರಿಕೆಯ ಸಾಕ್ಷಿಯೂ ಅದರ ಜೊತೆಗೇ ಅಳಿಸಿಹೋಗುತ್ತದೆ.

ಹಾಗಾಗಿ ಇಲ್ಲಿ ಸಾಧನ ಆರಿಸುವಾಗ ಎರಡೇ ಪ್ರಶ್ನೆ ಮುಖ್ಯ. ಇದು ಪ್ರೋಸೆಸ್ಸನ್ನು ಎಷ್ಟು ಹೊತ್ತು ತಡೆಯುತ್ತದೆ? ನಮ್ಮಲ್ಲಿ ಸೋರುತ್ತಿರುವ ಬಗೆಯ ಮೆಮೊರಿ ಇದರ ಕಣ್ಣಿಗೆ ಬೀಳುತ್ತದೆಯೇ?

ಮೊದಲು, ಇದು ಸೋರಿಕೆ ಹೌದೇ?

ಗ್ರಾಫ್ ಮೇಲೇರುತ್ತಿದೆ ಎಂದಮಾತ್ರಕ್ಕೆ ಸೋರಿಕೆ ಎನ್ನಲಾಗದು. ಕಂಟೇನರಿನ ಒಟ್ಟು ಮೆಮೊರಿ ಲೆಕ್ಕದಲ್ಲಿ ಪೇಜ್ ಕ್ಯಾಶ್ (ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಂಡ ಫೈಲುಗಳ ಪ್ರತಿ) ಕೂಡ ಸೇರಿರುತ್ತದೆ. ಲಾಗ್ ಬರೆಯುತ್ತಿರುವ ಪ್ರೋಸೆಸ್ ತಪ್ಪೇನೂ ಮಾಡದೆಯೇ ಮಿತಿಯ ಅಂಚಿಗೆ ಬಂದಂತೆ ಕಾಣುತ್ತದೆ. ಪ್ರೋಸೆಸ್ ಗುಂಪುಗಳ ಬಳಕೆ ಅಳೆಯುವ ಲಿನಕ್ಸಿನ ಸಿಗ್ರೂಪ್ ಎರಡನೇ ಆವೃತ್ತಿಯ ಮೆಮೊರಿ ಸ್ಟ್ಯಾಟ್ ಫೈಲಿನಲ್ಲಿ 'ಅನಾನ್' ಸಾಲನ್ನೂ 'ಫೈಲ್' ಸಾಲನ್ನೂ ಬೇರೆಬೇರೆಯಾಗಿ ನೋಡಿ. ಅನಾನ್ ಏರುತ್ತಿದ್ದರೆ ಮಾತ್ರ ಪ್ರೋಸೆಸ್ಸಿನ ಹೀಪ್ (ಪ್ರೋಗ್ರಾಂ ಓಡುವಾಗ ಕೇಳಿ ಪಡೆಯುವ ಮೆಮೊರಿ) ಮೇಲೆ ಅನುಮಾನ. ಫೈಲ್ ಏರುತ್ತಿದ್ದು, ಅದರಲ್ಲಿ 'ಶ್‌ಮೆಮ್' ಪಾಲು ದೊಡ್ಡದಿದ್ದರೆ ಶೇರ್ಡ್ ಮೆಮೊರಿ ಡೈರೆಕ್ಟರಿಯನ್ನು ಪಟ್ಟಿ ಮಾಡಿ ನೋಡಿ. ರಿಸೋರ್ಸುಗಳನ್ನು (ಕ್ಲಸ್ಟರ್ ಓಡಿಸುವ ಸೇವೆಗಳನ್ನು) ನಿರ್ವಹಿಸುವ ಪೇಸ್‌ಮೇಕರ್ ಮತ್ತು ಕೋರೋಸಿಂಕ್ ಬಳಸುವ ಲಿಬ್‌ಕ್ಯೂಬಿ ಲೈಬ್ರರಿ ತನ್ನ ಸಂವಹನದ ಬಫರುಗಳನ್ನು ಅಲ್ಲೇ ಇಡುತ್ತದೆ. ಕ್ಲೈಂಟ್ ನಡುವೆಯೇ ಸತ್ತರೆ ಆ ಫೈಲುಗಳು ಹಾಗೇ ಉಳಿಯಬಹುದು. ಯಾವ ಹೀಪ್ ಸಾಧನಕ್ಕೂ ಅವು ಕಾಣುವುದಿಲ್ಲ.

ಇನ್ನೊಂದು ಮೋಸ ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಅರೀನಾಗಳದ್ದು, ಅಂದರೆ ಮೆಮೊರಿ ಹಂಚಲು ಅದು ಇಟ್ಟುಕೊಳ್ಳುವ ಕಣಜಗಳದ್ದು. 64 ಬಿಟ್ ಯಂತ್ರದಲ್ಲಿ ಒಂದು ಕೋರಿಗೆ 8ರಂತೆ ಅರೀನಾ ಹುಟ್ಟಬಹುದು. 32 ಕೋರಿನ ಸರ್ವರಿನಲ್ಲಿ ಅದು 256. ಅರೀನಾ ಬೆಳೆಯುವುದು 64 ಎಂಬಿಯ ಹೀಪ್ ತುಂಡುಗಳಲ್ಲಿ. ಹಲವು ಥ್ರೆಡ್ಡುಗಳ ಡೀಮನ್ನಿನಲ್ಲಿ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂನಲ್ಲಿ) ಪ್ರೋಗ್ರಾಂ ಬಿಟ್ಟುಕೊಟ್ಟ ಜಾಗವೂ ಈ ಅರೀನಾಗಳ ಒಳಗೆ ಚೂರುಚೂರಾಗಿ ಉಳಿದು ಆರ್‌ಎಸ್‌ಎಸ್ (ಪ್ರೋಸೆಸ್ ನಿಜವಾಗಿ ಹಿಡಿದಿರುವ ಮೆಮೊರಿ) ದಿನಗಟ್ಟಲೆ ಏರುತ್ತದೆ. ಪರೀಕ್ಷೆ ಸುಲಭ. 'ಮ್ಯಾಲಕ್ ಅರೀನಾ ಮ್ಯಾಕ್ಸ್' ಎನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ 2 ಎಂದು ಕೊಟ್ಟು ಒಂದೇ ಒಂದು ನೋಡಿನಲ್ಲಿ ಡೀಮನ್ ಮತ್ತೆ ಶುರು ಮಾಡಿ, ಉಳಿದವನ್ನು ಹಾಗೇ ಬಿಡಿ. ಆ ನೋಡಿನ ಗೆರೆ ಮಾತ್ರ ಚಪ್ಪಟೆಯಾದರೆ ಸೋರಿಕೆ ಇಲ್ಲ, ಚೂರಾಗುವಿಕೆ ಇದೆ. ಕೆಲಸವೂ ಅಲ್ಲಿಗೇ ಮುಗಿಯಿತು. ಎಷ್ಟೋ 'ಸೋರಿಕೆ'ಗಳು ಈ ಒಂದು ಸಾಲಿನಲ್ಲೇ ಬಗೆಹರಿಯುತ್ತವೆ. ಇದನ್ನು ಬಿಟ್ಟು ನೇರವಾಗಿ ಪ್ರೊಫೈಲರ್ (ಮೆಮೊರಿ ಬಳಕೆ ಅಳೆಯುವ ಸಾಧನ) ಎತ್ತಿಕೊಳ್ಳುವುದು ಬೆಟ್ಟ ಅಗೆದು ಇಲಿ ಹಿಡಿದಂತೆ.

ಕೋರೋಸಿಂಕ್ ತನ್ನ ಪುಟಗಳೆಲ್ಲವನ್ನೂ ರ‍್ಯಾಮಿನಲ್ಲಿ ಕೀಲಿ ಹಾಕಿಕೊಂಡು ಕೂರುತ್ತದೆ. ಆದ್ದರಿಂದ ಅದರ ಆರ್‌ಎಸ್‌ಎಸ್ ಮೊದಲ ದಿನದಿಂದಲೇ ದೊಡ್ಡದು. ಗಾತ್ರ ನೋಡಿ ಗಾಬರಿಯಾಗಬೇಡಿ, ಏರಿಕೆಯನ್ನು ನೋಡಿ. ಗೋ ಭಾಷೆಯ 1.12ರಿಂದ 1.15ರವರೆಗಿನ ರನ್‌ಟೈಮ್ ಬಿಟ್ಟ ಪುಟಗಳನ್ನು ಕರ್ನಲ್ ತಾನಾಗಿ ಕೇಳುವವರೆಗೂ ಲೆಕ್ಕದಲ್ಲಿ ಉಳಿಯಲು ಬಿಡುತ್ತಿತ್ತು, 1.16ರಲ್ಲಿ ಆ ಅಭ್ಯಾಸ ಬದಲಾಯಿತು. ಹಳೇ ಬಿಲ್ಡ್ ಓಡುತ್ತಿದ್ದರೆ ಅದೂ ಕಾರಣವಿರಬಹುದು.

ಸೋರುವ ನೋಡೋ, ಸೋರುವ ಪಾತ್ರವೋ?

ಒಂಟಿ ಯಂತ್ರದಲ್ಲಿ ಸಿಗದ ಒಂದು ಅನುಕೂಲ ಕ್ಲಸ್ಟರಿನಲ್ಲಿದೆ: ಒಂದೇ ಬೈನರಿ ಮೂರೋ ಐದೋ ಕಡೆ ಬೇರೆಬೇರೆ ಪಾತ್ರದಲ್ಲಿ ಓಡುತ್ತಿರುತ್ತದೆ. ಏರಿಕೆ ಲೀಡರ್ ನೋಡಿನಲ್ಲಿ ಮಾತ್ರ ಕಂಡರೆ ಲೀಡರ್ ಪಾತ್ರವನ್ನು ಬೇರೆ ನೋಡಿಗೆ ದಾಟಿಸಿ. ಏರಿಕೆಯೂ ಹಿಂದೆಯೇ ಹೋದರೆ ತಪ್ಪು ಲೀಡರಿನ ಕೋಡಿನಲ್ಲಿದೆ: ಹಿಂಬಾಲಕರಿಗೆ ಕಳಿಸಬೇಕಾದ ಸಂದೇಶಗಳ ಸಾಲು, ನಿರ್ಧಾರಗಳ ಇತಿಹಾಸ, ಬಿಟ್ಟುಹೋದ ನೋಡುಗಳ ದಾಖಲೆ. ಏರಿಕೆ ಹಳೇ ನೋಡಿನಲ್ಲೇ ಉಳಿದರೆ ಆ ನೋಡಿಗಷ್ಟೇ ಇರುವ ಪ್ಲಗಿನ್, ಏಜೆಂಟು, ಲೈಬ್ರರಿ ಆವೃತ್ತಿಯ ಕಡೆ ತಿರುಗಿ. ಎಲ್ಲ ನೋಡಿನಲ್ಲೂ ಸಮನಾಗಿದ್ದರೆ ಹಾರ್ಟ್‌ಬೀಟ್, ಮಾನಿಟರ್, ಸದಸ್ಯತ್ವದಂತಹ ಸಾಮಾನ್ಯ ದಾರಿ.

ನಂತರ ಏರಿಕೆಯ ವೇಗವನ್ನು ಯಾವುದಾದರೂ ಘಟನೆಯ ಎಣಿಕೆಗೆ ಜೋಡಿಸಿ. ಒಂದು ಉದಾಹರಣೆ ಲೆಕ್ಕ ಹಾಕೋಣ. 40 ರಿಸೋರ್ಸುಗಳಿವೆ, ಪ್ರತಿಯೊಂದನ್ನೂ 10 ಸೆಕೆಂಡಿಗೊಮ್ಮೆ ಮಾನಿಟರ್ ಮಾಡಲಾಗುತ್ತಿದೆ. ಸೆಕೆಂಡಿಗೆ 4, ಗಂಟೆಗೆ 14,400 ಮಾನಿಟರ್ ಕ್ರಿಯೆ. ಡೀಮನ್ನಿನ ಏರಿಕೆ ಗಂಟೆಗೆ ಸುಮಾರು 3.5 ಎಂಬಿ. ಭಾಗಿಸಿದರೆ ಕ್ರಿಯೆಯೊಂದಕ್ಕೆ ಹತ್ತಿರಹತ್ತಿರ 256 ಬೈಟ್. ಈಗ ಹುಡುಕಬೇಕಾದ್ದು 'ಎಲ್ಲೋ ಸೋರಿಕೆ' ಅಲ್ಲ. ಪ್ರತಿ ಮಾನಿಟರಿಗೆ ಒಮ್ಮೆ ಹುಟ್ಟಿ ಬಿಡುಗಡೆಯಾಗದೆ ಉಳಿಯುವ ಒಂದು ಸಣ್ಣ ಸ್ಟ್ರಕ್ಟ್, ಅಥವಾ ಕೂಡಿಸಿದರೆ ಅಷ್ಟಾಗುವ ಎರಡು ಮೂರು ಸ್ಟ್ರಿಂಗುಗಳು. ಮಾನಿಟರ್ ಅವಧಿಯನ್ನು 20 ಸೆಕೆಂಡಿಗೆ ಏರಿಸಿದಾಗ ಇಳಿಜಾರು ಅರ್ಧಕ್ಕೆ ಇಳಿದರೆ ಊಹೆ ಗಟ್ಟಿಯಾಯಿತು. ಮುಂದಿನ ಸಾಧನದ ಆಯ್ಕೆಗೂ ಈ 256 ಎಂಬ ಸಂಖ್ಯೆ ಬೇಕಾಗುತ್ತದೆ.

ವಾಲ್‌ಗ್ರೈಂಡ್

ಸಿ ಮತ್ತು ಸಿ++ ಡೀಮನ್ನುಗಳಿಗೆ ಅತ್ಯಂತ ನಿಖರ ಉತ್ತರ ಕೊಡುವ ಸಾಧನ ಇದು. ಮತ್ತೆ ಕಂಪೈಲ್ ಮಾಡಬೇಕಿಲ್ಲ, ಡಿಬಗ್ ಸಿಂಬಲ್ಲುಗಳ ಪ್ಯಾಕೇಜು ಹಾಕಿಕೊಂಡರೆ ಸಾಲಿನ ಸಂಖ್ಯೆಯೂ ಸಿಗುತ್ತದೆ. ಆದರೆ ಪ್ರೋಗ್ರಾಂ 20ರಿಂದ 30 ಪಟ್ಟು ನಿಧಾನವಾಗುತ್ತದೆ, ಥ್ರೆಡ್ಡುಗಳೆಲ್ಲ ಸರದಿಯಲ್ಲಿ ಒಂದೊಂದಾಗಿ ಓಡುತ್ತವೆ. ಓಡುತ್ತಿರುವ ಪ್ರೋಸೆಸ್ಸಿಗೆ ಅಂಟಿಸಲು ಬರುವುದಿಲ್ಲ, ಶುರುವಿನಿಂದಲೇ ಅದರ ಕೆಳಗೆ ಓಡಿಸಬೇಕು. ಕೆಲಸದಲ್ಲಿರುವ ಕ್ಲಸ್ಟರಿಗೆ ಇದು ಬೇಡವೇ ಬೇಡ. ಮೇಂಟೆನೆನ್ಸ್ ಮೋಡ್ ಹಾಕಿದ್ದೇವಲ್ಲ ಎಂದುಕೊಳ್ಳಬೇಡಿ. ಅದು ಪೇಸ್‌ಮೇಕರಿಗೆ ಹೇಳಿದ ಮಾತು. ಕೋರೋಸಿಂಕಿನ ಟೋಕನ್ ಅದಕ್ಕಾಗಿ ಕಾಯುವುದಿಲ್ಲ, ಗಡುವು ಮೀರಿದ ನೋಡನ್ನು ಸದಸ್ಯತ್ವದಿಂದ ಹೊರಹಾಕುತ್ತದೆ.

ಪರೀಕ್ಷಾ ಕ್ಲಸ್ಟರಿನಲ್ಲಿ ಟೋಕನ್ನನ್ನು 30000ಕ್ಕೆ ಏರಿಸಿ, ಫೆನ್ಸಿಂಗ್ ನಿಲ್ಲಿಸಿ, ಒಂದೇ ಡೀಮನ್ನನ್ನು ವಾಲ್‌ಗ್ರೈಂಡ್ ಕೆಳಗೆ ಓಡಿಸಿ. ಪೇಸ್‌ಮೇಕರಿನಲ್ಲಿ ಇದಕ್ಕೆ ಸಿದ್ಧ ಸೌಲಭ್ಯವೇ ಇದೆ: ಸಿಸ್‌ಕಾನ್ಫಿಗ್ ಫೈಲಿನ 'ಪಿಸಿಎಂಕೆ ವಾಲ್‌ಗ್ರೈಂಡ್ ಎನೇಬಲ್ಡ್' ಸಾಲಿನಲ್ಲಿ ಬೇಕಾದ ಡೀಮನ್ನಿನ ಹೆಸರು ಬರೆದರೆ ಅದೊಂದೇ ವಾಲ್‌ಗ್ರೈಂಡಿನಲ್ಲಿ ಏಳುತ್ತದೆ. ಎಲ್ಲಕ್ಕೂ ಹಾಕಿದರೆ ಟೈಮ್‌ಔಟುಗಳ ಸರಮಾಲೆ ಶುರುವಾಗಿ, ನಿಜವಾದ ಸೋರಿಕೆಯ ಜೊತೆ ತಪ್ಪು ದಾರಿಯ ಸೋರಿಕೆಗಳೂ ಬೆರೆಯುತ್ತವೆ.

ಮೂರು ಕಡೆ ಜನ ಎಡವುತ್ತಾರೆ. ಮೊದಲನೆಯದು, ಬೈನರಿಯೊಳಗೆ ಜೆಮಾಲಕ್ ಅಥವಾ ಟಿಸಿಮಾಲಕ್ (ಜಿಲಿಬ್‌ಸಿಯ ಬದಲಿಗೆ ಮೆಮೊರಿ ಹಂಚುವ ಲೈಬ್ರರಿಗಳು) ಸೇರಿಸಿಯೇ ಕಟ್ಟಿದ್ದರೆ ವಾಲ್‌ಗ್ರೈಂಡಿಗೆ ಹಂಚಿಕೆಗಳೇ ಕಾಣುವುದಿಲ್ಲ. ವರದಿಯಲ್ಲಿ ಹಂಚಿಕೆಗಳ ಎಣಿಕೆ ಸೊನ್ನೆಗೆ ಹತ್ತಿರವಿದ್ದರೆ ಅದೇ ಗುರುತು. ಸೋನೇಮ್ ಸಿನೊನಿಮ್ಸ್ ಆಯ್ಕೆಯಲ್ಲಿ 'ಸೋಮ್ಯಾಲಕ್' ಎಂಬುದಕ್ಕೆ 'ನನ್' ಎಂದು ಕೊಡಬೇಕು. ಎರಡನೆಯದು, 2.76ಕ್ಕಿಂತ ಹಳೆಯ ಜಿಲಿಬ್ (ಜಿಲಿಬ್‌ಸಿ ಅಲ್ಲ, ಬೇರೊಂದು ಲೈಬ್ರರಿ) ತನ್ನದೇ ಸ್ಲೈಸ್ ಹಂಚಿಕೆ ನಡೆಸುತ್ತಿತ್ತು. ಜಿ-ಸ್ಲೈಸ್ ವೇರಿಯಬಲ್ಲಿಗೆ 'ಆಲ್ವೇಸ್ ಮ್ಯಾಲಕ್' ಎಂದು ಕೊಡದಿದ್ದರೆ ಸಣ್ಣ ತುಣುಕುಗಳ ಸೋರಿಕೆ ದೊಡ್ಡ ಪುಟಗಳ ಹಿಂದೆ ಅಡಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ವರದಿಯಲ್ಲಿ 'ಡೆಫಿನಿಟ್ಲಿ ಲಾಸ್ಟ್' (ವಿಳಾಸ ಹಿಡಿದ ಪಾಯಿಂಟರೇ ಇಲ್ಲದ ಮೆಮೊರಿ) ಸೊನ್ನೆ ಬಂತು ಎಂದು ಸೋರಿಕೆ ಇಲ್ಲ ಎಂದು ಬರೆದುಬಿಡುತ್ತಾರೆ. ಕ್ಲಸ್ಟರ್ ಸಾಫ್ಟ್‌ವೇರಿನ ಸೋರಿಕೆಗಳಲ್ಲಿ ಬಹುಪಾಲು ಕಳೆದುಹೋದ ಪಾಯಿಂಟರಿನಿಂದ ಹುಟ್ಟಿದ್ದಲ್ಲ. ಒಂದು ಹ್ಯಾಶ್ ಟೇಬಲ್ಲಿಗೆ ಸೇರಿಸುತ್ತಾ ಹೋಗಿ ತೆಗೆಯುವುದನ್ನು ಮರೆತದ್ದೇ ಹೆಚ್ಚು. ಪಾಯಿಂಟರ್ ಜೀವಂತವಿದೆ, ಆದ್ದರಿಂದ ಅದು 'ಸ್ಟಿಲ್ ರೀಚಬಲ್' ಪಟ್ಟಿಗೆ ಹೋಗುತ್ತದೆ. ಡೀಮನ್ ಸಭ್ಯವಾಗಿ ನಿಂತರೆ ಕೊನೆಗೆ ಆ ಟೇಬಲ್ಲನ್ನೂ ಬಿಡುಗಡೆ ಮಾಡಿಬಿಡುತ್ತದೆ, ವರದಿ ಸ್ವಚ್ಛ! ಇದಕ್ಕೆ ವಾಲ್‌ಗ್ರೈಂಡಿನ ಜೊತೆ ಬರುವ ವಿಜಿಡಿಬಿ ಸಹಾಯ ಮಾಡುತ್ತದೆ. ಡೀಮನ್ ಓಡುತ್ತಿರುವಾಗಲೇ ಇನ್ನೊಂದು ಟರ್ಮಿನಲ್ಲಿನಿಂದ ಲೀಕ್ ಚೆಕ್ ಆಜ್ಞೆಯನ್ನು 'ಫುಲ್', 'ರೀಚಬಲ್', 'ಇನ್‌ಕ್ರೀಸ್ಡ್' ಎಂಬ ಮೂರು ಪದಗಳೊಂದಿಗೆ ಕಳಿಸಿ. ಸಾವಿರ ಮಾನಿಟರ್ ಆದಮೇಲೆ ಮತ್ತೆ ಕಳಿಸಿ. ಎರಡನೇ ವರದಿಯಲ್ಲಿ ಮೊದಲನೆಯದಕ್ಕಿಂತ ಬೆಳೆದ ಸ್ಟ್ಯಾಕುಗಳು (ಮೆಮೊರಿ ಕೇಳಿದ ಫಂಕ್ಷನ್ನುಗಳ ಸರಣಿ) ಮಾತ್ರ ಬರುತ್ತವೆ. ಸರಿಯಾಗಿ ಸಾವಿರ ತುಣುಕು ಹೆಚ್ಚಿದ ಸ್ಟ್ಯಾಕ್ ಕಂಡರೆ ಹುಡುಕಾಟ ಮುಗಿದಂತೆಯೇ.

ಅಡ್ರೆಸ್ ಸ್ಯಾನಿಟೈಸರ್ ಮತ್ತು ಲೀಕ್ ಸ್ಯಾನಿಟೈಸರ್

ಕಂಪೈಲರಿನೊಳಗೇ ಬರುವ ಇವು ವಾಲ್‌ಗ್ರೈಂಡಿಗಿಂತ ಎಷ್ಟೋ ಹಗುರ; ಅಡ್ರೆಸ್ ಸ್ಯಾನಿಟೈಸರ್ ಸುಮಾರು ಎರಡು ಪಟ್ಟು ನಿಧಾನ ಮಾಡುತ್ತದೆ, ಲೀಕ್ ಸ್ಯಾನಿಟೈಸರನ್ನು ಒಂಟಿಯಾಗಿ ಹಾಕಿದರೆ ಕೊನೆಯವರೆಗೂ ಇದೆಯೆಂದೇ ಗೊತ್ತಾಗದು. ಮಾಮೂಲು ಟೋಕನ್ ಗಡುವಿನೊಳಗೇ ಪರೀಕ್ಷಾ ಕ್ಲಸ್ಟರ್ ನಡೆಸಬಹುದು. ಪ್ರತಿ ಬಿಲ್ಡಿನ ಸ್ವಯಂಚಾಲಿತ ಪರೀಕ್ಷೆಯಲ್ಲಿ ಸದಾ ಹಾಕಿಡಬೇಕಾದದ್ದು ಇದೇ.

ಮಿತಿಗಳು ಎರಡು. ವರದಿ ಬರುವುದು ಪ್ರೋಸೆಸ್ ಸಹಜವಾಗಿ ಮುಗಿದಾಗ. ಕ್ಲಸ್ಟರ್ ಪರೀಕ್ಷೆಗಳೋ ನೋಡುಗಳನ್ನು ಸಿಗ್‌ಕಿಲ್ಲಿನಿಂದ (ತಕ್ಷಣ ಕೊಲ್ಲುವ ಸಿಗ್ನಲ್) ಕೊಲ್ಲುವುದೇ ಹೆಚ್ಚು. ಹಾಗೆ ಕೊಂದ ಪ್ರೋಸೆಸ್ಸಿನಿಂದ ಒಂದು ಸಾಲೂ ಬರುವುದಿಲ್ಲ. ನಿಲ್ಲು ಎಂದು ಕೇಳುವ ಸಿಗ್‌ಟರ್ಮಿಗೆ ಹ್ಯಾಂಡ್ಲರ್ ಬರೆಯದಿದ್ದರೂ ಅದೇ ಕಥೆ. ಡೀಮನ್ನಿನ ಒಳಗೆ ಒಂದು ಡಿಬಗ್ ಸಿಗ್ನಲ್ ಇಟ್ಟು, ಅದು ಬಂದಾಗ 'ರಿಕವರಬಲ್ ಲೀಕ್ ಚೆಕ್' ಫಂಕ್ಷನ್ ಕರೆಯುವಂತೆ ಮಾಡಿದರೆ ಓಡುತ್ತಿರುವಾಗಲೇ ವರದಿ ಪಡೆಯಬಹುದು. ಎರಡನೆಯದು, ಪಾಯಿಂಟರ್ ಜೀವಂತವಿರುವ ಸೋರಿಕೆ ಇದರ ಕಣ್ಣಿಗೆ ಬೀಳುವುದೇ ಇಲ್ಲ. ವಾಲ್‌ಗ್ರೈಂಡಿನಂತೆ 'ರೀಚಬಲ್' ತೋರಿಸು ಎಂದು ಕೇಳುವ ದಾರಿಯಿಲ್ಲ.

ಜೆಮಾಲಕ್ ಪ್ರೊಫೈಲಿಂಗ್

ಕೆಲಸದಲ್ಲಿರುವ ಕ್ಲಸ್ಟರಿಗೆ, ಡೀಮನ್ನನ್ನು ಒಮ್ಮೆ ಮತ್ತೆ ಶುರು ಮಾಡಲು ಅವಕಾಶವಿದ್ದರೆ, ನಮ್ಮ ಮೊದಲ ಆಯ್ಕೆ ಇದು. ಇದು ಎಲ್ಲ ಹಂಚಿಕೆಗಳನ್ನೂ ಹಿಡಿಯುವುದಿಲ್ಲ, ಸರಾಸರಿ 512 ಕೆಬಿಗೆ ಒಂದರಂತೆ ಮಾದರಿ ತೆಗೆಯುತ್ತದೆ. ಅದಕ್ಕೇ ಹಗುರ, ಅದಕ್ಕೇ ಹಾರ್ಟ್‌ಬೀಟಿಗೆ ತೊಂದರೆಯಿಲ್ಲ. ಪಾಯಿಂಟರ್ ಜೀವಂತವೋ ಸತ್ತಿದೆಯೋ ಎಂದು ನೋಡುವುದೂ ಇಲ್ಲ: ಹಂಚಿದ್ದು ಇನ್ನೂ ಬಿಡುಗಡೆಯಾಗಿಲ್ಲವೇ, ಹಾಗಾದರೆ ತೋರಿಸು. ಮರೆತ ಹ್ಯಾಶ್ ಟೇಬಲ್ ಇಲ್ಲಿ ತಪ್ಪಿಸಿಕೊಳ್ಳಲಾರದು.

ಮಾದರಿ ಸಾಕಾಗುತ್ತದೆಯೇ ಎಂಬ ಪ್ರಶ್ನೆಗೆ ಮೇಲಿನ ಲೆಕ್ಕವೇ ಉತ್ತರ. ಗಂಟೆಗೆ 3.5 ಎಂಬಿ ಸೋರಿದರೆ 512 ಕೆಬಿಗೆ ಒಂದರಂತೆ ಗಂಟೆಗೆ 7 ಮಾದರಿ, 24 ಗಂಟೆಗೆ 168. ಒಂದೇ ಸ್ಟ್ಯಾಕಿನ ಮೇಲೆ 168 ಮಾದರಿ ಬಿದ್ದರೆ ಅನುಮಾನಕ್ಕೆ ಜಾಗವಿಲ್ಲ. ಒಂದೇ ಗಂಟೆಯಲ್ಲಿ ಉತ್ತರ ಬೇಕೆಂದು ಕೂತರೆ ಆ 7 ಮಾದರಿ ಗದ್ದಲದಲ್ಲಿ ಮುಳುಗುತ್ತದೆ. ಅವಸರವಿದ್ದರೆ ಮಾದರಿಯ ಘಾತವನ್ನು (ಎರಡರ ಘಾತ: 2^19 ಬೈಟ್ ಅಂದರೆ 512 ಕೆಬಿ) 19ರಿಂದ 17ಕ್ಕೆ ಇಳಿಸಿ, 128 ಕೆಬಿಗೆ ಒಂದು ಮಾದರಿ ಸಿಗುತ್ತದೆ.

ಮಾಡುವ ಕ್ರಮ ಹೀಗೆ: ಜೆಮಾಲಕ್ ಲೈಬ್ರರಿ ಪ್ರೊಫೈಲಿಂಗ್ ಸಹಿತ ಬಿಲ್ಡ್ ಆಗಿರಬೇಕು, ಇಲ್ಲದಿದ್ದರೆ ಆಯ್ಕೆಗಳು ಕೆಲಸ ಮಾಡವು. ಅದನ್ನು ಪ್ರೀಲೋಡ್ (ಶುರುವಾಗುವಾಗಲೇ ಲೈಬ್ರರಿ ಸೇರಿಸುವ ವಿಧಾನ) ಮೂಲಕ ಡೀಮನ್ನಿಗೆ ಕೊಡಿ. ಮ್ಯಾಲಕ್ ಕಾನ್ಫ್ ವೇರಿಯಬಲ್ಲಿನಲ್ಲಿ 'ಪ್ರೊಫ್' ಆನ್ ಮಾಡಿ, ಡಂಪಿನ ಅಂತರದ ಘಾತ 30 ಎಂದು ಇಡಿ. ಒಟ್ಟು 1 ಜಿಬಿ ಹಂಚಿಕೆ ನಡೆದಾಗಲೆಲ್ಲ ಒಂದು ಡಂಪ್ ಬೀಳುತ್ತದೆ. ಡೀಮನ್ನಿನ ಬಳಕೆದಾರ ಖಾತೆಗೆ ಬರೆಯುವ ಹಕ್ಕಿರುವ ಡೈರೆಕ್ಟರಿಯನ್ನೇ ಡಂಪಿನ ದಾರಿಯಾಗಿ ಕೊಡಿ. ಒಂದೂ ಡಂಪ್ ಬೀಳದಿದ್ದರೆ ಮೊದಲು ನೋಡಬೇಕಾದ್ದು ಆ ಹಕ್ಕನ್ನೇ. ಕ್ಯಾಶ್ ತುಂಬುವವರೆಗೆ ಬಿಟ್ಟು, ಆಮೇಲಿನ ಒಂದು ಡಂಪನ್ನು 'ಬೇಸ್' ಆಗಿ ಹಿಡಿದು, ಮರುದಿನದ್ದನ್ನು ಜೆಮಾಲಕ್ಕಿನ ಜೆಪ್ರೊಫ್ ಸಾಧನದಲ್ಲಿ ಅದರೊಂದಿಗೆ ಕಳೆದು ನೋಡಿ. ಒಂದೇ ಡಂಪ್ ನೋಡಿದರೆ ಮೇಲ್ಗಡೆ ಕಾಣುವುದು ಕಾನ್ಫಿಗರೇಶನ್ ಮರ, ಕ್ಯಾಶ್ ಇಂಥವೇ. ಅವು ದೊಡ್ಡವು, ಆದರೆ ಬೆಳೆಯುತ್ತಿಲ್ಲ.

ಜಿಪರ್ಫ್‌ಟೂಲ್ಸಿನ ಟಿಸಿಮಾಲಕ್ ಹೀಪ್ ಪ್ರೊಫೈಲರ್ ಕೂಡ ಇದೇ ಮನೆತನದ್ದು, ಆದರೆ ಅದು ಮಾದರಿ ತೆಗೆಯದೆ ಪ್ರತಿ ಹಂಚಿಕೆಯನ್ನೂ ದಾಖಲಿಸುವುದರಿಂದ ಭಾರ ಹೆಚ್ಚು. ಹೀಪ್‌ಟ್ರ್ಯಾಕ್ ಕೂಡ ಪ್ರತಿ ಹಂಚಿಕೆಯನ್ನೂ ಬರೆಯುತ್ತದೆ. ಅದರ ಚಿತ್ರಗಳು ಓದಲು ಚೆನ್ನ, ದಿನಗಟ್ಟಲೆ ಓಡುವ ಡೀಮನ್ನಿಗೆ ಫೈಲಿನ ಗಾತ್ರ ಮಿತಿಮೀರುತ್ತದೆ. ಮೇಜಿನ ಮೇಲಿನ ಪರೀಕ್ಷೆಗೆ ಇಟ್ಟುಕೊಳ್ಳಿ.

ಬಿಸಿಸಿಯ ಮೆಮ್‌ಲೀಕ್

ಡೀಮನ್ನನ್ನು ಮತ್ತೆ ಶುರು ಮಾಡಲು ಆಗದೇ ಇದ್ದಾಗ, ಅಂದರೆ ಮೂರು ವಾರ ಓಡಿದ ಮೇಲೆ ಮಾತ್ರ ಕಾಣುವ ಸೋರಿಕೆ ಈಗ ಕಣ್ಣೆದುರೇ ನಡೆಯುತ್ತಿರುವಾಗ, ಉಳಿಯುವ ದಾರಿ ಇಬಿಪಿಎಫ್, ಅಂದರೆ ಕರ್ನಲಿನೊಳಗೆ ಸಣ್ಣ ಪ್ರೋಗ್ರಾಂ ಓಡಿಸುವ ವ್ಯವಸ್ಥೆ. ಬಿಸಿಸಿ ಅದನ್ನು ಬಳಸುವ ಸಾಧನಗಳ ಗುಂಪು, ಮೆಮ್‌ಲೀಕ್ ಅದರಲ್ಲೊಂದು. ಅದು ಓಡುತ್ತಿರುವ ಪ್ರೋಸೆಸ್ಸಿನ ಮ್ಯಾಲಕ್ (ಮೆಮೊರಿ ಕೇಳುವ) ಮತ್ತು ಫ್ರೀ (ಬಿಟ್ಟುಕೊಡುವ) ಕರೆಗಳ ಮೇಲೆ ಕರ್ನಲಿನ ಮೂಲಕ ಕಾವಲು ಕೂರಿಸುತ್ತದೆ, ಬಿಡುಗಡೆಯಾಗದೆ ಉಳಿದವುಗಳ ಸ್ಟ್ಯಾಕುಗಳಲ್ಲಿ ಮೊದಲ ಹತ್ತನ್ನು 5 ಸೆಕೆಂಡಿಗೊಮ್ಮೆ ತೋರಿಸುತ್ತದೆ. ಪ್ರೋಸೆಸ್ ನಿಲ್ಲುವುದಿಲ್ಲ. ಆದರೆ ಪ್ರತಿ ಮ್ಯಾಲಕ್ ಕರೆಗೂ ಕರ್ನಲಿಗೆ ಹೋಗಿಬರುವ ಖರ್ಚಿದೆ. ಸೆಕೆಂಡಿಗೆ ಲಕ್ಷಗಟ್ಟಲೆ ಹಂಚಿಕೆ ಮಾಡುವ ಡೇಟಾಬೇಸ್ ನೋಡಿಗೆ ಇದು ಭಾರ. ಸೆಕೆಂಡಿಗೆ ಕೆಲವೇ ಸಾವಿರ ಮಾಡುವ ನಿಯಂತ್ರಣ ಡೀಮನ್ನಿಗೆ ತೊಂದರೆಯಿಲ್ಲ.

ಗಾತ್ರದ ಕನಿಷ್ಠ, ಗರಿಷ್ಠ ಮಿತಿ ಕೊಡುವ ಆಯ್ಕೆಗಳಿವೆ. ನಮ್ಮ 256 ಇಲ್ಲಿ ಕೈಹಿಡಿಯುತ್ತದೆ: 240ರಿಂದ 272 ಬೈಟಿನ ನಡುವಿನವನ್ನು ಮಾತ್ರ ತೋರಿಸು ಎಂದರೆ ಪಟ್ಟಿ ತಿಳಿಯಾಗುತ್ತದೆ. ಅಲ್ಲೇನೂ ಸಿಗದಿದ್ದರೆ ಸೋರುತ್ತಿರುವುದು ಒಂದು ತುಣುಕಲ್ಲ, ಸಣ್ಣ ಕೆಲವು. ಮಿತಿ ತೆಗೆದು ನೋಡಿ. ತಾನಾಗಿ 500 ಮಿಲಿಸೆಕೆಂಡಿಗಿಂತ ಹಳೆಯ ಹಂಚಿಕೆಗಳನ್ನು ಅದು ಎಣಿಸುತ್ತದೆ. ಕ್ಲಸ್ಟರಿನಲ್ಲಿ ಇದು ತೀರ ಚಿಕ್ಕದು, ಏಕೆಂದರೆ ಮುಂದಿನ ಮಾನಿಟರ್ ಬರುವವರೆಗೆ ಸರಿಯಾದ ವಸ್ತುವೂ 10 ಸೆಕೆಂಡು ಬದುಕಿರುತ್ತದೆ. 60000 ಎಂದು ಕೊಡಿ.

ಸ್ಟ್ಯಾಕಿನಲ್ಲಿ ಬರೀ ಒಂದೆರಡು ಸಾಲು ಬಂದು 'ಅನ್‌ನೋನ್' ಎಂದು ನಿಂತರೆ ಸಾಧನ ಕೆಟ್ಟಿಲ್ಲ, ಬೈನರಿಯಲ್ಲಿ ಫ್ರೇಮ್ ಪಾಯಿಂಟರ್ (ಸ್ಟ್ಯಾಕನ್ನು ಹಿಂದಕ್ಕೆ ಓದಲು ನೆರವಾಗುವ ಗುರುತು) ಇಲ್ಲ. ಫೆಡೋರಾ 38 ಮತ್ತು ಉಬುಂಟು 24.04ರಿಂದ ಪ್ಯಾಕೇಜುಗಳು ಫ್ರೇಮ್ ಪಾಯಿಂಟರ್ ಇಟ್ಟುಕೊಂಡೇ ಬರುತ್ತವೆ. ಬೇರೆಡೆ ನೀವೇ ಆ ಆಯ್ಕೆಯೊಂದಿಗೆ ಬಿಲ್ಡ್ ಮಾಡಬೇಕು. ಡೀಮನ್ ಜೆಮಾಲಕ್ ಬಳಸುತ್ತಿದ್ದರೆ ಕಾವಲು ಕೂರಿಸಬೇಕಾದ ಲೈಬ್ರರಿ ಯಾವುದೆಂದೂ ಹೇಳಬೇಕು, ಇಲ್ಲವಾದರೆ ಅದು ಜಿಲಿಬ್‌ಸಿಯ ಬಾಗಿಲಲ್ಲಿ ಸುಮ್ಮನೆ ಕಾಯುತ್ತದೆ.

ಕೋರ್ ಡಂಪ್ (ಪ್ರೋಸೆಸ್ಸಿನ ಮೆಮೊರಿಯ ಪ್ರತಿ) ತೆಗೆಯುವ ಆಸೆ ಹಲವರಿಗೆ. ಬರೆದು ಮುಗಿಯುವವರೆಗೆ ಪ್ರೋಸೆಸ್ ನಿಂತಿರುತ್ತದೆ: 20 ಜಿಬಿಯನ್ನು ಸೆಕೆಂಡಿಗೆ 500 ಎಂಬಿ ಬರೆಯುವ ಡಿಸ್ಕಿಗೆ ಇಳಿಸಲು 40 ಸೆಕೆಂಡು. ನೋಡನ್ನು ಕ್ಲಸ್ಟರಿನಿಂದ ಕ್ರಮವಾಗಿ ಹೊರತಂದು ಆಮೇಲೆ ಮಾತ್ರ ಮಾಡಿ.

ಜಾವಾ, ಗೋ, ಪೈಥಾನ್

ಜಾವಾದ ಹೀಪ್ ಡಂಪ್ ಕೂಡ ಇದೇ ಅಪಾಯದ್ದು. ಕ್ಲಸ್ಟರುಗಳ ಸಮನ್ವಯಕ್ಕೆ ಬಳಸುವ ಝೂಕೀಪರಿನಲ್ಲಿ ಟಿಕ್ (ಸಮಯದ ಮೂಲ ಅಳತೆ) 2000 ಮಿಲಿಸೆಕೆಂಡಿದ್ದರೆ ಸೆಷನ್ನಿನ ಗಡುವು 4ರಿಂದ 40 ಸೆಕೆಂಡಿನ ನಡುವೆ. 30 ಜಿಬಿ ಹೀಪಿನ ಡಂಪ್ ಅದನ್ನು ಮೀರುವುದು ಕಷ್ಟವೇನಲ್ಲ. ಕ್ಲಾಸ್ ಹಿಸ್ಟೋಗ್ರಾಂ ಚಿಕ್ಕದಾದರೂ ತಾನಾಗಿ ಪೂರ್ಣ ಜಿಸಿ (ಬೇಡವಾದ ಮೆಮೊರಿ ಗುಡಿಸುವ ಕೆಲಸ) ಮಾಡಿಸುತ್ತದೆ ಎಂಬುದನ್ನು ಮರೆಯಬೇಡಿ. ಓಡುತ್ತಿರುವ ನೋಡಿಗೆ ಫ್ಲೈಟ್ ರೆಕಾರ್ಡರಿನ 'ಓಲ್ಡ್ ಆಬ್ಜೆಕ್ಟ್ ಸ್ಯಾಂಪಲ್' ಹಗುರ. ಡಂಪ್ ಬೇಕೇಬೇಕಾದರೆ ಹಿಂಬಾಲಕ ನೋಡಿನಿಂದ ತೆಗೆಯಿರಿ, ಲೀಡರಿನಿಂದಲ್ಲ.

ಹೀಪ್ ಸಮತಟ್ಟಾಗಿದ್ದು ಆರ್‌ಎಸ್‌ಎಸ್ ಮಾತ್ರ ಏರುತ್ತಿದ್ದರೆ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಆನ್ ಮಾಡಿ ಬೇಸ್‌ಲೈನ್ ಇಟ್ಟು ವ್ಯತ್ಯಾಸ ನೋಡಿ. ಶೇಕಡ 5ರಿಂದ 10ರಷ್ಟು ವೇಗ ತಿನ್ನುತ್ತದೆ. ಅದರಲ್ಲೂ ಏರಿಕೆ ಕಾಣದಿದ್ದರೆ ಜೆಎನ್‌ಐ ಲೈಬ್ರರಿಯೊಂದು (ಜಾವಾದಿಂದ ಕರೆಯುವ ನೇಟಿವ್ ಕೋಡ್) ನೇರವಾಗಿ ಮ್ಯಾಲಕ್ ಮಾಡುತ್ತಿದೆ. ಆಗ ಮತ್ತೆ ಜೆಮಾಲಕ್ಕಿಗೇ ಬನ್ನಿ.

ಗೋ ಬಳಸುವವರಿಗೆ ಆಯ್ಕೆಯ ತಲೆನೋವೇ ಕಡಿಮೆ. ಪಿಪ್ರೊಫ್ ಒಳಗೇ ಇದೆ, ಅದೂ 512 ಕೆಬಿಗೆ ಒಂದು ಮಾದರಿ ತೆಗೆಯುತ್ತದೆ. 'ಇನ್‌ಯೂಸ್ ಸ್ಪೇಸ್' ನೋಡುವ ಮುನ್ನ ಗೋರುಟೀನುಗಳ (ಗೋದ ಹಗುರ ಥ್ರೆಡ್ಡುಗಳ) ಎಣಿಕೆ ನೋಡಿ: ಬಿಟ್ಟುಹೋದ ನೋಡಿನ ಚಾನೆಲ್ ಮೇಲೆ ಶಾಶ್ವತವಾಗಿ ಕಾಯುತ್ತಿರುವ ಗೋರುಟೀನುಗಳು ತಮ್ಮ ಬಫರುಗಳನ್ನೂ ಹಿಡಿದುಕೊಂಡಿರುತ್ತವೆ. ಪೈಥಾನಿಗೆ 3.4ರಿಂದ ಟ್ರೇಸ್‌ಮ್ಯಾಲಕ್ ಜೊತೆಗೇ ಬರುತ್ತದೆ. ಸಿ ಎಕ್ಸ್‌ಟೆನ್ಶನ್ ಮೇಲೆ ಅನುಮಾನವಿದ್ದರೆ ಮೆಮ್‌ರೇ ಉತ್ತಮ.

ಯಾವ ಪ್ರೋಸೆಸ್ಸೂ ಬೆಳೆಯದೆ ಯಂತ್ರದ ಖಾಲಿ ಮೆಮೊರಿ ಮಾತ್ರ ಕರಗುತ್ತಿದ್ದರೆ ಮೆಮ್‌ಇನ್ಫೋದ 'ಎಸ್‌ಅನ್‌ರಿಕ್ಲೇಮ್' ಸಾಲನ್ನೂ ಸ್ಲ್ಯಾಬ್‌ಟಾಪನ್ನೂ ನೋಡಿ, ಸೋರುತ್ತಿರುವುದು ಕರ್ನಲ್ಲೇ ಇರಬಹುದು. ಸ್ಲ್ಯಾಬ್ ಅಂದರೆ ಕರ್ನಲ್ ತನಗಾಗಿ ಹಂಚಿಕೊಳ್ಳುವ ಮೆಮೊರಿ. ಕರ್ನಲಿನ ಕೆಮೆಮ್‌ಲೀಕ್ ಬೇರೆ ಬಿಲ್ಡ್ ಬೇಡುತ್ತದೆ, ಆದ್ದರಿಂದ ಮೊದಲು ಯಾವ ಸ್ಲ್ಯಾಬ್ ಬೆಳೆಯುತ್ತಿದೆ ಎಂದು ಗೊತ್ತುಮಾಡಿಕೊಳ್ಳುವುದೇ ಅಗ್ಗ.

ತೇಪೆ ಬರುವವರೆಗೆ

ತಾತ್ಕಾಲಿಕ ಉಪಾಯಗಳಲ್ಲಿ ಮೆಮೊರಿ ಮಿತಿ ಹಾಕುವುದಕ್ಕಿಂತ ಸರದಿಯಲ್ಲಿ ಮತ್ತೆ ಶುರು ಮಾಡುವುದು ಮೇಲು. ಲಿನಕ್ಸಿನಲ್ಲಿ ಸೇವೆಗಳನ್ನು ಓಡಿಸುವ ಸಿಸ್ಟಮ್‌ಡಿಯ 'ಮೆಮೊರಿ ಹೈ' ಮಿತಿ ದಾಟಿದ ಪ್ರೋಸೆಸ್ಸನ್ನು ಕೊಲ್ಲುವುದಿಲ್ಲ, ಕಟ್ಟಿಹಾಕಿ ನಿಧಾನ ಮಾಡುತ್ತದೆ. ವೆಬ್ ಸರ್ವರಿಗೆ ಅದು ಸರಿ. ಹಾರ್ಟ್‌ಬೀಟ್ ಕಳಿಸುವ ಡೀಮನ್ನಿಗೆ ಅದು ಕತ್ತು ಹಿಸುಕಿದಂತೆ: ಸಾಯದೆ, ಬದುಕದೆ, ಟೋಕನ್ ತಪ್ಪಿಸುತ್ತಾ ಇಡೀ ಕ್ಲಸ್ಟರನ್ನು ಅಲುಗಾಡಿಸುತ್ತದೆ. 'ಮೆಮೊರಿ ಮ್ಯಾಕ್ಸ್' ಕನಿಷ್ಠಪಕ್ಷ ಒಮ್ಮೆಗೇ ಮುಗಿಸುತ್ತದೆ, 'ಊಮ್ ಕಿಲ್' ಎಂಬ ಗುರುತನ್ನೂ ಬಿಟ್ಟುಹೋಗುತ್ತದೆ. ಆದರೂ ಗಂಟೆಗೆ 3.5 ಎಂಬಿ ಎಂದರೆ ವಾರಕ್ಕೆ 600 ಎಂಬಿಯೂ ಆಗುವುದಿಲ್ಲ. ವಾರಕ್ಕೊಮ್ಮೆ ನೋಡನ್ನು ಸ್ಟ್ಯಾಂಡ್‌ಬೈಗೆ ಹಾಕಿ, ರಿಸೋರ್ಸುಗಳು ಸರಿದ ಮೇಲೆ ಮತ್ತೆ ಶುರು ಮಾಡಿ, ಅದು ಪೂರ್ತಿ ಸೇರಿಕೊಂಡ ಮೇಲೆ ಮುಂದಿನದಕ್ಕೆ ಹೋಗಿ. ಎಲ್ಲ ನೋಡುಗಳನ್ನೂ ಒಂದೇ ದಿನ ಶುರು ಮಾಡಿದ್ದರೆ ಅವೆಲ್ಲ ಒಟ್ಟಿಗೇ ಮಿತಿ ಮುಟ್ಟುತ್ತವೆ. ಸರದಿಯನ್ನು ದಿನ ಬಿಟ್ಟು ದಿನಕ್ಕೆ ಹಂಚಿ.

ತೇಪೆ ಬಂದಮೇಲೆ ಅದು ಹಿಡಿಯಿತೇ ಎಂದು ನೋಡುವಾಗ ಗಂಟೆಗಳನ್ನು ಎಣಿಸಬೇಡಿ, ಘಟನೆಗಳನ್ನು ಎಣಿಸಿ. ಪರೀಕ್ಷಾ ಕ್ಲಸ್ಟರಿನಲ್ಲಿ ಮಾನಿಟರ್ ಅವಧಿಯನ್ನು 10ರಿಂದ 1 ಸೆಕೆಂಡಿಗೆ ಇಳಿಸಿದರೆ ಗಂಟೆಗೆ 1,44,000 ಕ್ರಿಯೆ. ಹಳೇ ಬಿಲ್ಡ್ ಅಷ್ಟರಲ್ಲಿ 35 ಎಂಬಿ ಏರುತ್ತದೆ, ಗದ್ದಲದಿಂದ ಬೇರೆಯಾಗಿ ಕಾಣುವಷ್ಟು. ಹಳೇ ಬಿಲ್ಡ್ ಒಂದು ನೋಡಿನಲ್ಲಿ, ಹೊಸದು ಇನ್ನೊಂದರಲ್ಲಿ, ಎರಡನ್ನೂ ಒಂದೇ ಹೊತ್ತಿಗೆ ಓಡಿಸಿ. ಹಳೆಯದು ಏರದಿದ್ದರೆ ಪರೀಕ್ಷೆಯೇ ಸೋರಿಕೆಯ ದಾರಿಯನ್ನು ಮುಟ್ಟುತ್ತಿಲ್ಲ. ಹೊಸದರ ಚಪ್ಪಟೆ ಗೆರೆಯನ್ನು ಆಗ ನಂಬುವಂತಿಲ್ಲ.